ಪೈಲಟ್ ಸಂಸಾರ, ಪರದೇಶದ ಬೇಸ್: ವೈಮಾನಿಕ ವೈದ್ಯರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ಫಿಟ್‌ನೆಸ್ ಪರೀಕ್ಷೆ) ಮಾಡುವ ಡಾಕ್ಟರ್ ಇವತ್ತು ಗುಂಪಿನಲ್ಲಿದ್ದಾರೆ. ಪರದೇಶದ ಬೇಸ್‌ನಲ್ಲಿ (ಡ್ಯೂಟಿ ಶುರುವಾಗಿ ಮುಗಿಯುವ ಊರು) ಇರುವ ಪೈಲಟ್‌ಗಳೂ ಮನೆಯವರೂ ನಿದ್ದೆ, ಔಷಧಿ, ಮೆಡಿಕಲ್ ಬಗ್ಗೆ ಕೇಳಬಹುದು. ವಯಸ್ಸು, ಡ್ಯೂಟಿಯ ಬಗೆ, ಮಾತ್ರೆಯೊಳಗಿನ ಔಷಧಿಯ ಹೆಸರು ಬರೆಯಿರಿ. ಬರೀ ಬ್ರ್ಯಾಂಡ್ ಹೆಸರು ಸಾಲದು. ಫಾರ್ವರ್ಡ್ ಹಾಕಬೇಡಿ.

ಲೇಓವರ್ ಲೈಫ್: ನಮಸ್ಕಾರ ಡಾಕ್ಟ್ರೇ. 38 ವರ್ಷ, ಲಾಂಗ್ ಹಾಲ್ ಫಸ್ಟ್ ಆಫೀಸರ್. ಬೇಸ್‌ಗಿಂತ 8 ಗಂಟೆ ಮುಂದಿರೋ ಊರಲ್ಲಿ 26 ಗಂಟೆ ಲೇಓವರ್, ಅಂದ್ರೆ ವಾಪಸ್ ಹಾರೋ ಮುಂಚೆ ಅಲ್ಲಿ ತಂಗೋದು. ನಿದ್ದೆಗೆ ಅಂತ ಮೆಲಟೋನಿನ್ 10 ಮಿ.ಗ್ರಾಂ ತಗೋಬಹುದಾ?

ಡಾಕ್ಟರ್: 26 ಗಂಟೆಗೋಸ್ಕರ ಮೈಯ ಗಡಿಯಾರ ತಿರುಗಿಸಲು ಹೋಗಬೇಡಿ. ಅದು ದಿನಕ್ಕೆ ಹೆಚ್ಚೂಕಡಿಮೆ ಒಂದು ಗಂಟೆ ಸರಿಯುತ್ತದೆ, ಅಷ್ಟೇ. ಅಲ್ಲಿಗೆ ಹೊಂದಿಕೊಳ್ಳುವ ಮೊದಲೇ ನೀವು ವಾಪಸ್ ಹೊರಟಿರುತ್ತೀರಿ. ಬೇಸ್‌ನಲ್ಲಿ ರಾತ್ರಿಯಾದಾಗ ಪರದೆ ಎಳೆದು ಮಲಗಿ, ಪಿಕಪ್‌ಗೆ ಮುಂಚೆ ಇನ್ನೊಂದು 90 ನಿಮಿಷ. 10 ಮಿ.ಗ್ರಾಂ ಅತಿಯಾಯಿತು. ಅರ್ಧದಿಂದ 3 ಮಿ.ಗ್ರಾಂವರೆಗೆ ಕೆಲಸ ಮಾಡುತ್ತದೆ, ಅದಕ್ಕಿಂತ ಹೆಚ್ಚಾದರೆ ಮರುದಿನದ ಮಂಪರು. ಇನ್ನೊಂದು ತೊಡಕು: ಅಮೆರಿಕದಲ್ಲಿ ಇದು ಅಂಗಡಿಯಲ್ಲಿ ಸಿಗುತ್ತದೆ, ಬ್ರಿಟನ್ನಿನಲ್ಲಿ ವೈದ್ಯರ ಚೀಟಿ ಬೇಕು. ಅಂಗಡಿ ಮಾಲಿನ ಅಳತೆಯನ್ನೂ ನಂಬುವಂತಿಲ್ಲ. 2017ರ ಕೆನಡಾದ ಪರೀಕ್ಷೆಯಲ್ಲಿ ಲೇಬಲ್‌ಗಿಂತ ಶೇ. 83 ಕಡಿಮೆ ಇದ್ದದ್ದೂ ಸಿಕ್ಕಿತು, ಶೇ. 478 ಹೆಚ್ಚಿದ್ದದ್ದೂ ಸಿಕ್ಕಿತು. ಲೈಸೆನ್ಸ್ ಕೊಟ್ಟ ಪ್ರಾಧಿಕಾರ ಒಪ್ಪಿದರೆ ಮಾತ್ರ, ಮೊದಲ ಸಲ ರಜೆಯ ದಿನ ನೋಡಿ.

ಹೊಸ ಬೇಸ್: ಮುಂದಿನ ತಿಂಗಳು ಶಿಫ್ಟ್ ಆಗ್ತಿದ್ದೀವಿ. ಮನೆಯವರ ಮಾತ್ರೆಗಳನ್ನ ಆರು ತಿಂಗಳಿಗಾಗುವಷ್ಟು ಒಯ್ಯಬಹುದಾ?

ಡಾಕ್ಟರ್: ಆರು ತಿಂಗಳಿನದು ಬೇಡ. ಬಹಳ ದೇಶಗಳಲ್ಲಿ ಒಂದು ತಿಂಗಳಿಗಾಗುವಷ್ಟಕ್ಕೆ ತಕರಾರಿಲ್ಲ, ಆಚೆಗೆ ಅನುಮತಿ ಕೇಳುತ್ತಾರೆ. ಮೂಲ ಪ್ಯಾಕಿನಲ್ಲೇ ಇರಲಿ, ಹ್ಯಾಂಡ್ ಬ್ಯಾಗಿನಲ್ಲಿರಲಿ. ಚೀಟಿಯಲ್ಲಿ ಔಷಧಿಯ ಹೆಸರು, ಪ್ರಮಾಣ, ಪಾಸ್‌ಪೋರ್ಟಿನಲ್ಲಿರುವಂತೆಯೇ ರೋಗಿಯ ಹೆಸರು ಇರಲಿ. ಜಪಾನ್‌ಗೆ ಶೇ. 10ಕ್ಕಿಂತ ಹೆಚ್ಚು ಸೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ ನಿಷಿದ್ಧ, ಆಂಫೆಟಮಿನ್ ಇರುವ ಎಡಿಎಚ್‌ಡಿ (ಗಮನ ಕೊರತೆಯ ಸಮಸ್ಯೆ) ಔಷಧಿಯಂತೂ ಚೀಟಿ ಇದ್ದರೂ ಒಯ್ಯುವಂತಿಲ್ಲ. ಯುಎಇಗೆ ಕೋಡೀನ್, ಟ್ರಾಮಡಾಲ್ (ನೋವಿನ ಔಷಧಿಗಳು) ಒಯ್ಯಲು ಅಲ್ಲಿನ ಸರ್ಕಾರದ ಮುಂಗಡ ಅನುಮತಿ ಬೇಕು. ಷೆಂಗೆನ್ (ಒಂದೇ ವೀಸಾದ ಯುರೋಪಿನ) ದೇಶಗಳ ನಡುವೆ ನಿಯಂತ್ರಿತ ಔಷಧಿಗೆ 30 ದಿನದ ಪ್ರಮಾಣಪತ್ರವಿದೆ. ಹೋದ ಮೊದಲ ವಾರವೇ ಅಲ್ಲಿನ ವೈದ್ಯರಲ್ಲಿ ಫೈಲ್ ಮಾಡಿಸಿ. ಕೊನೆಯ ಮಾತ್ರೆ ಮುಗಿಯುವವರೆಗೆ ಕಾಯಬೇಡಿ.

ಟೈಪ್ ರೇಟಿಂಗ್: ಸರ್ ಮೆಲಟೋನಿನ್ ಸೇಫಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಸೂಟ್‌ಕೇಸ್ ಸಂಸಾರ: ಡಾಕ್ಟ್ರೇ, ನಮ್ಮೆಜಮಾನ್ರಿಗೆ 44, ಲಾಂಗ್ ಹಾಲ್ ಕ್ಯಾಪ್ಟನ್. ಬೇಸ್ ಬದಲಾದ ಮೇಲೆ ನಿದ್ದೆ ಕೆಟ್ಟಿದೆ. ನನಗೆ ಗಾಬರಿಗೆ ಅಂತ ಬರೆದುಕೊಟ್ಟ ಕ್ಲೋನಾಜೆಪಾಮ್ 0.5 ಮಿ.ಗ್ರಾಂ ಅವರು ಸುಮಾರು ಎರಡು ತಿಂಗಳಿಂದ ತಗೋತಿದಾರೆ. ಮೊದಲು ರಜೆ ದಿನ ಮಾತ್ರ ಇತ್ತು, ಈಗ ಲೇಓವರ್‌ನಲ್ಲೂ. ಮೆಡಿಕಲ್ ಮುಂದಿನ ತಿಂಗಳು. ಮಾತ್ರೆ ಎಲ್ಲ ಎಸೆದುಬಿಡಲಾ?

ಡಾಕ್ಟರ್: ಎಸೆಯಬೇಡಿ. ಉಳಿದ ಪ್ರಶ್ನೆಗಳು ಕಾಯಲಿ, ಇದಕ್ಕೆ ಪೂರ್ತಿ ಬರೆಯುತ್ತೇನೆ.

ಕ್ಲೋನಾಜೆಪಾಮ್ ರಕ್ತದಲ್ಲಿ ಅರ್ಧಕ್ಕಿಳಿಯಲು 30ರಿಂದ 40 ಗಂಟೆ ಬೇಕು. ಹೋಟೆಲಿನಲ್ಲಿ ನುಂಗಿ, ಎಂಟು ಗಂಟೆ ಮಲಗಿ, ಎದ್ದು ಯೂನಿಫಾರ್ಮ್ ಹಾಕಿಕೊಂಡಾಗ ಬಹುಪಾಲು ಔಷಧಿ ಒಳಗೇ ಇರುತ್ತದೆ. ದಿನಾ ತಗೊಂಡರೆ ಒಂದರ ಮೇಲೊಂದು ಸೇರಿ, ಮೊದಲ ರಾತ್ರಿಗಿಂತ ಎರಡೂವರೆ ಪಟ್ಟಿನ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಪೂರ್ತಿ ಇಳಿಯಲು ವಾರ ಹಿಡಿಯುತ್ತದೆ. ಪ್ರತಿಕ್ರಿಯೆ ನಿಧಾನವಾಗುತ್ತದೆ, ಈಗಷ್ಟೇ ಕೇಳಿದ ಕ್ಲಿಯರೆನ್ಸ್ (ಕಂಟ್ರೋಲ್ ಟವರಿನವರು ಕೊಡುವ ಅನುಮತಿ) ನೆನಪಿನಲ್ಲಿ ನಿಲ್ಲುವುದಿಲ್ಲ. ತಾವು ಸರಿಯಾಗಿಯೇ ಇದ್ದೇವೆ ಅಂತ ಅವರಿಗೆ ಅನ್ನಿಸುತ್ತದಲ್ಲ, ನನಗೆ ಭಯ ಅದೇ.

ಮೊದಲನೆಯದು, ಅವರು ಇವತ್ತೇ ಸಿಕ್ ಕಾಲ್ ಮಾಡಬೇಕು. ಡ್ಯೂಟಿ ಹಂಚುವ ಕ್ರೂ ಕಂಟ್ರೋಲ್‌ಗೆ 'ಹಾರಲು ಅನ್‌ಫಿಟ್' ಅಂದರೆ ಸಾಕು, ಕಾಯಿಲೆಯ ವಿವರ ಅವರಿಗೆ ಬೇಕಿಲ್ಲ. ಫಟೀಗ್ ರಿಪೋರ್ಟ್ (ಬರೀ ದಣಿವು ಅನ್ನುವ ವರದಿ) ಹಾಕಿ ಇದನ್ನು ಮುಚ್ಚುವುದು ಬೇಡ.

ಎರಡನೆಯದು, ತಮ್ಮಷ್ಟಕ್ಕೆ ತಾವೇ ನಿಲ್ಲಿಸಬಾರದು. ವಾರಗಟ್ಟಲೆ ದಿನಾ ತಗೊಂಡ ಮೇಲೆ ಥಟ್ಟನೆ ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಮನೋವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಎಷ್ಟೆಷ್ಟು ಇಳಿಸಬೇಕು ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆ ಅದೂ ಫಾರ್ವರ್ಡ್ ಆಗುತ್ತದೆ. ಅಲ್ಲಿಯವರೆಗೆ ಮದ್ಯ ಮುಟ್ಟುವ ಹಾಗಿಲ್ಲ. ಗೊಂದಲ, ಫಿಟ್ಸ್, ಉಸಿರಾಟ ನಿಧಾನ ಆದರೆ ತುರ್ತು ಚಿಕಿತ್ಸೆ.

ಮೂರನೆಯದು, ಒಂದು ಹಾಳೆಯಲ್ಲಿ ಬರೆದಿಡಿ: ಯಾವ ತಾರೀಖು, ಎಷ್ಟು, ಯಾವ ಡ್ಯೂಟಿಯ ಮುಂಚೆ. ವೈದ್ಯರು ಮೊದಲು ಕೇಳುವುದೇ ಇದು. ಗೊರಕೆ ಇದೆಯಾ, ನಡುವೆ ಉಸಿರು ನಿಲ್ಲುತ್ತದಾ, ಮೂರು-ನಾಲ್ಕು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲವಾ, ಮೊದಲು ಇಷ್ಟವಿದ್ದದ್ದು ಈಗ ಬೇಡವಾಗಿದೆಯಾ, ಇವನ್ನೂ ಸೇರಿಸಿ. ಉಸಿರು ನಿಲ್ಲುವವರಿಗೆ ಈ ಮಾತ್ರೆ ಇನ್ನೂ ಅಪಾಯ. ಬದುಕು ಸಾಕಾಗಿದೆ ಅನ್ನಿಸುತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ನಾಲ್ಕನೆಯದು, ಮಾತ್ರೆ ನಿಮ್ಮ ಹೆಸರಿನದು. ಅದನ್ನು ಇನ್ನೊಬ್ಬರಿಗೆ ಕೊಡುವುದು ಅನೇಕ ದೇಶಗಳಲ್ಲಿ ಅಪರಾಧ, ಗಂಡನಾದರೂ ಸರಿ. ಅವರ ಬ್ಯಾಗಿನಲ್ಲಿ ಕಸ್ಟಮ್ಸ್‌ನವರಿಗೆ ಸಿಕ್ಕರೆ ತೋರಿಸಲು ಅವರ ಹೆಸರಿನ ಚೀಟಿ ಇಲ್ಲ. ಬೀಗ ಹಾಕಿಡಿ. ನೀವೂ ನಿಮ್ಮ ಡೋಸ್ ನಿಲ್ಲಿಸಬೇಡಿ, ಕಮ್ಮಿ ಬಿದ್ದರೆ ಯಾಕೆ ಅಂತ ನಿಮ್ಮ ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.

ಲೈಸೆನ್ಸ್ ವಿಷಯ. ತಾತ್ಕಾಲಿಕ ಅನ್‌ಫಿಟ್ ಅಂದರೆ ಕೆಲಸ ಮುಗಿಯಿತು ಅಂತಲ್ಲ. ಮಾತ್ರೆ ನಿಂತು, ಕಾರಣಕ್ಕೆ ಚಿಕಿತ್ಸೆಯಾಗಿ, ದಾಖಲೆ ಸರಿಯಿದ್ದರೆ ವಾಪಸ್ ಹಾರಿದವರು ಬೇಕಾದಷ್ಟಿದ್ದಾರೆ. ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ (ನಿದ್ದೆಯ ಅಭ್ಯಾಸ, ಯೋಚನೆ ಬದಲಿಸುವ ಮಾತಿನ ಚಿಕಿತ್ಸೆ): ಆರರಿಂದ ಎಂಟು ಭೇಟಿ, ವಿಡಿಯೋದಲ್ಲೂ ಆಗುತ್ತದೆ.

ಸ್ಟ್ಯಾಂಡ್‌ಬೈ: ಡಾಕ್ಟ್ರೇ, ಹೇಳೋದು ಸುಲಭ. ವೀಸಾ, ಮನೆ, ಮಕ್ಕಳ ಸ್ಕೂಲ್ ಫೀಸು ಮೂರೂ ಒಂದೇ ಕಾಂಟ್ರಾಕ್ಟ್‌ನಲ್ಲಿ. ಬಾಯಿ ಬಿಟ್ಟರೆ ಇಡೀ ಸಂಸಾರ ಬೀದಿಗೆ. ಸುಮ್ಮನೆ ಮಾತ್ರೆ ಬಿಟ್ಟು ಮೆಡಿಕಲ್ ಮುಗಿಸೋದು ಬುದ್ಧಿವಂತಿಕೆ.

ಡಾಕ್ಟರ್: ಸುಮ್ಮನೆ ಬಿಟ್ಟರೆ ಫಿಟ್ಸ್ ಬರಬಹುದು ಅಂತ ಈಗಷ್ಟೇ ಬರೆದೆ. ಓದಿದಿರಾ? ಮಾನಸಿಕ ಕಾಯಿಲೆ ಮುಚ್ಚಿಟ್ಟ ಸಹಪೈಲಟ್ ಬೇಕೆಂದೇ ವಿಮಾನ ಬೀಳಿಸಿದ 2015ರ ಜರ್ಮನ್‌ವಿಂಗ್ಸ್ ದುರಂತದ ಬಗ್ಗೆ ಫ್ರಾನ್ಸಿನ ಬಿಇಎ (ವಿಮಾನ ಅಪಘಾತ ತನಿಖಾ ಸಂಸ್ಥೆ) 2016ರಲ್ಲಿ ಕೊಟ್ಟ ವರದಿಯಲ್ಲಿ ಇರುವುದೂ ಇದೇ: ಹಾರುವ ಹಕ್ಕು, ಸಂಬಳ ಹೋಗುತ್ತದೆ ಅನ್ನುವ ಭಯ ಪೈಲಟ್‌ಗಳ ಬಾಯಿ ಕಟ್ಟುತ್ತದೆ. ಆಮೇಲೆಯೇ ಯುರೋಪಿನಲ್ಲಿ ಪ್ರತಿ ಏರ್‌ಲೈನ್‌ಗೂ ಪೀರ್ ಸಪೋರ್ಟ್ (ಕಷ್ಟದಲ್ಲಿರುವ ಪೈಲಟ್‌ಗೆ ಸಹ ಪೈಲಟ್‌ಗಳ ನೆರವು) ಕಡ್ಡಾಯವಾಯಿತು. ನಿಮ್ಮ ಕಂಪನಿಯಲ್ಲಿ ಅದಿದ್ದರೆ ಮೊದಲ ಫೋನ್ ಅಲ್ಲಿಗೆ. ಇಲ್ಲವೇ ಕಂಪನಿಯ ಸಂಬಳದಲ್ಲಿಲ್ಲದ ವೈಮಾನಿಕ ವೈದ್ಯರ ಹತ್ತಿರ ಹೋಗಿ.

ನೈಟ್ ಡ್ಯೂಟಿ: ಮೇಡಂ, ಇಂಗ್ಲಿಷ್ ಮಾತ್ರೆ ಯಾಕೆ? ಅಶ್ವಗಂಧ ಎರಡು ಚಮಚ, ರಾತ್ರಿ ಬಾಯಿಗೆ ಟೇಪ್ ಅಂಟಿಸಿಕೊಂಡು ಮಲಗಿದ್ರೆ ಏಳು ದಿನದಲ್ಲಿ ಗಾಢ ನಿದ್ದೆ. ಈ ವಿಡಿಯೋ ನೋಡಿ, ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಉಸಿರುಕಟ್ಟುವ ಗೊರಕೆ ಇರಬಹುದಾದವರ ಬಾಯಿಗೆ ಟೇಪ್ ಹಾಕಿಸುತ್ತೀರಾ? ಅಶ್ವಗಂಧದಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ, ಥೈರಾಯ್ಡ್ ಮಟ್ಟವೂ ಏರುಪೇರಾಗುತ್ತದೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಮೆಡಿಕಲ್ ಫಾರ್ಮ್‌ನಲ್ಲಿ ಗಿಡಮೂಲಿಕೆಯನ್ನೂ ಬರೆಯಬೇಕು.

ನೈಟ್ ಡ್ಯೂಟಿ: ನೂರಾರು ವರ್ಷದಿಂದ ಇರೋದು ಸಾರ್.

ಡಾಕ್ಟರ್: ನೂರಾರು ವರ್ಷ ಯಾರೂ 38,000 ಅಡಿಯಲ್ಲಿ ರಾತ್ರಿ ಮೂರಕ್ಕೆ ಕೂತಿರಲಿಲ್ಲ.

ಕ್ಯಾಪ್ಟನ್ 777: ನನಗನ್ನಿಸೋದು, ಮೂಲ ಇರೋದು ಮನೆಯಲ್ಲಿ. ಹೆಂಗಸರು ಅಲ್ಲಿ ಕೆಲಸವಿಲ್ಲದೆ ಕೂತು ಗಾಬರಿ ಬರಿಸಿಕೊಳ್ತಾರೆ, ಮಾತ್ರೆ ತರ್ತಾರೆ, ಅದು ಗಂಡನ ಕೈಗೆ ಸಿಗುತ್ತೆ.

ಡಿಪೆಂಡೆಂಟ್ ವೀಸಾ: ಕೂತಿರೋದಲ್ಲ ಕ್ಯಾಪ್ಟನ್‌ರೇ, ಕೂರಿಸಿರೋದು. ಎಷ್ಟೋ ದೇಶದಲ್ಲಿ ನಮ್ಮ ವೀಸಾಕ್ಕೆ ಕೆಲಸದ ಪರವಾನಗಿ ಬೇರೆಯೇ ತಗೋಬೇಕು. ಮೊದಲಿನ ಕಂಪನಿಗೆ ಮನೆಯಿಂದ ಲ್ಯಾಪ್‌ಟಾಪಲ್ಲಿ ಮಾಡಿದರೂ ಕೆಲವು ಕಡೆ ಅದು ಕೆಲಸವೇ. ಬಾಡಿಗೆ ಕರಾರು, ಬ್ಯಾಂಕ್, ಸಿಮ್ ಎಲ್ಲ ಗಂಡನ ಸಹಿಯ ಮೇಲೆ. ಅವರು ಆರು ದಿನ ಹೊರಗಿದ್ದಾಗ ಎಸಿ ಕೆಟ್ಟರೆ ರಿಪೇರಿಯವನು ನಮ್ಮ ಮಾತು ಕೇಳಲ್ಲ.

ಕ್ಯಾಪ್ಟನ್ 777: ಅದಕ್ಕೇ ಹೇಳಿದ್ದು, ಬರೋ ಮುಂಚೆ ಯೋಚಿಸಬೇಕಿತ್ತು.

ಡಿಪೆಂಡೆಂಟ್ ವೀಸಾ: ಬೇಸ್ ಬದಲಾವಣೆಗೆ ಸಹಿ ಹಾಕಿದ್ದು ಯಾರು? ನೋಟರಿ ಹತ್ರ ಹೋಗಿ ಹೆಂಡತಿ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಿಕೊಡೋಕೆ ನಿಮಗೆಲ್ಲ ಎಷ್ಟು ವರ್ಷ ಬೇಕು? ಅದನ್ನ ಮೊದಲು ಹೇಳಿ.

ಸ್ಟ್ಯಾಂಡ್‌ಬೈ: ಇಬ್ಬರೂ ಬೇರೆ ಗ್ರೂಪ್ ಮಾಡಿಕೊಳ್ಳಿ ಮಾರಾಯ್ರೇ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಎಂಟನೇ ತಿಂಗಳು: ಡಾಕ್ಟ್ರೇ, 33 ವಾರ, ಒಂದೇ ಮಗು. ಹೆರಿಗೆಗೆ ಊರಿಗೆ ಹೋಗಬೇಕು, ಸ್ಟಾಫ್ ಟಿಕೆಟ್ ಇದೆ.

ಡಾಕ್ಟರ್: 28 ವಾರ ದಾಟಿದ ಮೇಲೆ ವೈದ್ಯರ ಪತ್ರ ಬೇಕು. ತೊಡಕಿಲ್ಲದ ಒಂಟಿ ಗರ್ಭಕ್ಕೆ ಸಾಮಾನ್ಯವಾಗಿ 36 ವಾರ, ಅವಳಿಗೆ 32 ಗಡಿ, ನಿಮ್ಮ ಏರ್‌ಲೈನಿನದು ಇನ್ನೂ ಬಿಗಿಯಿರಬಹುದು. ಸೀಟು ಖಾಲಿಯಿದ್ದರೆ ಮಾತ್ರ ಹತ್ತಿಸುವ ಸ್ಟಾಫ್ ಟಿಕೆಟ್ ನಂಬಬೇಡಿ. ಸೀಟಿಲ್ಲದೆ ಎರಡು ಸಲ ಆಫ್‌ಲೋಡ್ ಆದರೆ ವಾರ ಕಳೆದುಹೋಗುತ್ತದೆ. ಕನ್ಫರ್ಮ್ ಟಿಕೆಟ್, ಐಲ್ ಸೀಟ್, ಕಂಪ್ರೆಶನ್ ಸಾಕ್ಸ್, ಗಂಟೆಗೊಮ್ಮೆ ನಡಿಗೆ. ಕಂಪನಿಯ ವಿಮೆ ಬೇಸ್ ದೇಶದ ಆಚೆ ಹೆರಿಗೆಗೂ ಹುಟ್ಟಿದ ಮಗುವಿಗೂ ಅನ್ವಯಿಸುತ್ತದಾ ಅಂತ ಬರವಣಿಗೆಯಲ್ಲಿ ತಗೊಳ್ಳಿ.

ಎ320 ಎಫ್‌ಒ: ನಾನೇ ಪೈಲಟ್, 9 ವಾರ. ಹಾರಬಹುದಾ?

ಡಾಕ್ಟರ್: ಐಸಿಎಒ (ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ) ಪ್ರಕಾರ 12ನೇ ವಾರದ ಕೊನೆಯಿಂದ 26ನೇ ವಾರದ ಕೊನೆಯವರೆಗೆ, ತೊಡಕಿಲ್ಲದಿದ್ದರೆ. ಈಗ ಬೇಡ, ವೈದ್ಯರಿಗೆ ತಿಳಿಸಿ. ವಿಕಿರಣದ ಲೆಕ್ಕವೂ ಇದೆ: ತಿಳಿಸಿದ ಮೇಲೆ ಮಗುವಿಗೆ ಒಟ್ಟು 1 ಮಿಲಿಸೀವರ್ಟ್ ದಾಟಬಾರದು. ಧ್ರುವದ ಹತ್ತಿರದ ಉದ್ದದ ಹಾರಾಟಗಳಲ್ಲಿ ಅದು ಬೇಗ ತುಂಬುತ್ತದೆ.

ಟೈಪ್ ರೇಟಿಂಗ್: ಡೈಫೆನ್‌ಹೈಡ್ರಮಿನ್? ಅದು ಬರೀ ಅಲರ್ಜಿ ಮಾತ್ರೆ.

ಡಾಕ್ಟರ್: ಎಫ್‌ಎಎ (ಅಮೆರಿಕದ ವಿಮಾನಯಾನ ಪ್ರಾಧಿಕಾರ) ಲೆಕ್ಕದಲ್ಲಿ ಕೊನೆಯ ಡೋಸ್‌ನಿಂದ 60 ಗಂಟೆ ಹಾರುವಂತಿಲ್ಲ. ಬರೀ ಅಲರ್ಜಿ ಮಾತ್ರೆಯಂತೆ.

ಲೇಓವರ್ ಲೈಫ್: ನಿದ್ದೆ ಮಾತ್ರೆ ಜೋಲ್ಪಿಡೆಮ್‌ಗೆ 24 ಗಂಟೆ ಅಲ್ವಾ?

ಡಾಕ್ಟರ್: ಅದೂ ಎಫ್‌ಎಎ ಲೆಕ್ಕ, ವಾರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ಟೈಮ್ ಝೋನ್ ಹೊಂದಿಸಲು ಅಂತೂ ಇಲ್ಲ. ನಿಮ್ಮ ಲೈಸೆನ್ಸ್ ಎಫ್‌ಎಎದಾ? ಅಲ್ಲದಿದ್ದರೆ ಆ ಅಂಕಿ ನಿಮ್ಮದಲ್ಲ.

ಗೊರಕೆ ಸಾಹೇಬ: ಸ್ಲೀಪ್ ಆಪ್ನಿಯ (ನಿದ್ದೆಯಲ್ಲಿ ಉಸಿರು ನಿಲ್ಲೋದು) ಇದೆ, ಸಿಪ್ಯಾಪ್ (ಮಾಸ್ಕಿಂದ ಗಾಳಿ ಊದೋ ಯಂತ್ರ) ಕೊಟ್ಟಿದಾರೆ. ಲೇಓವರ್‌ಗೆ ಒಯ್ಯಲೇಬೇಕಾ?

ಡಾಕ್ಟರ್: ಒಯ್ಯಲೇಬೇಕು. ಯಂತ್ರದ ಕಾರ್ಡ್‌ನಲ್ಲಿ ಪ್ರತಿ ರಾತ್ರಿಯೂ ದಾಖಲಾಗುತ್ತದೆ. ಎಫ್‌ಎಎ ಕೇಳುವುದು ನಿದ್ದೆಯ ಅವಧಿಗಳಲ್ಲಿ ಶೇ. 75ರಷ್ಟಾದರೂ ಬಳಕೆ, ಸರಾಸರಿ 6 ಗಂಟೆ. ಹಗಲು ಮಲಗಿದ್ದೂ ನಿದ್ದೆಯೇ. ಕಾರ್ಗೋಗೆ ಹಾಕಬೇಡಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದೆಯಾ ನೋಡಿ, ಮೂರು ಮೀಟರ್ ಎಕ್ಸ್‌ಟೆನ್ಶನ್ ಇಟ್ಟುಕೊಳ್ಳಿ. ಹೋಟೆಲಿನಲ್ಲಿ ಪ್ಲಗ್ ಯಾವಾಗಲೂ ಮಂಚದ ಎದುರಿನ ಗೋಡೆಯಲ್ಲೇ. ಎಲ್ಲರೂ ಮಾಡುವ ತಪ್ಪು, ನೀರಿನ ಟ್ಯಾಂಕ್ ಖಾಲಿ ಮಾಡದೆ ಬ್ಯಾಗಿಗೆ ತುರುಕುವುದು. ನೀರು ಮೋಟರ್‌ಗೆ ಇಳಿದರೆ ಯಂತ್ರ ಹೋಯಿತು. ಬ್ಯಾಟರಿ 100 ವ್ಯಾಟ್-ಅವರ್ ಮೀರಿದರೆ ಏರ್‌ಲೈನ್ ಒಪ್ಪಿಗೆ ಬೇಕು.

ಸ್ಟ್ಯಾಂಡ್‌ಬೈ: ಲಾಸ್ ಆಫ್ ಲೈಸೆನ್ಸ್ ವಿಮೆಯಲ್ಲಿ (ಕಾಯಿಲೆಯಿಂದ ಲೈಸೆನ್ಸ್ ಹೋದರೆ ಹಣ ಕೊಡೋದು) ಮಾನಸಿಕ ಕಾಯಿಲೆ ಬರುತ್ತಾ? ಯಾವ ಕಂಪನಿ ಒಳ್ಳೇದು?

ಕ್ಯಾಪ್ಟನ್ 777: ಬರಲ್ಲ. ಸುಮ್ಮನೆ ಪ್ರೀಮಿಯಂ ದಂಡ.

ಡಿಪೆಂಡೆಂಟ್ ವೀಸಾ: ಪಾಲಿಸಿ ಓದದೆ ಹೇಳ್ತಿದೀರಿ. ಒಂದೊಂದರಲ್ಲಿ ಒಂದೊಂದು ಥರ.

ಕ್ಯಾಪ್ಟನ್ 777: ನಿಮಗೆ ಎಲ್ಲಾ ಗೊತ್ತು ಬಿಡಿ.

ಮಕ್ಕಳ ಅಮ್ಮ: ಸ್ಕೂಲಿಗೆ ಮಗಳ ಲಸಿಕೆ ಕಾರ್ಡ್ ಅನುವಾದ ಮಾಡಿಸಬೇಕಾ ಡಾಕ್ಟ್ರೇ? ಯಾರಾದ್ರೂ ಹೇಳಿ.

ಡೈವಿಂಗ್ ಪ್ರಿಯ: ರಜೆಯಲ್ಲಿ ಸ್ಕೂಬಾ. ಮರುದಿನ ಡ್ಯೂಟಿ.

ಡಾಕ್ಟರ್: ನಡುವೆ 24 ಗಂಟೆ ಇರಲಿ.

ಹೊಸ ಬೇಸ್: ನೆಗಡಿ ಇದೆ, ಪ್ರೊಬೇಷನ್‌ನಲ್ಲಿ ಸಿಕ್ ಹಾಕೋಕೆ ಭಯ. ಮೂಗಿನ ಡ್ರಾಪ್ಸ್ ಹಾಕಿ ಹೋಗಲಾ?

ಡಾಕ್ಟರ್: ಮೂಗು ಮುಚ್ಚಿ ಮೆಲ್ಲಗೆ ಊದಿ. ಎರಡೂ ಕಿವಿ ತೆರೆಯದಿದ್ದರೆ ಹೋಗುವಂತಿಲ್ಲ. ಡ್ರಾಪ್ಸ್ ಪ್ರಭಾವ ಡಿಸೆಂಟ್ (ವಿಮಾನ ಕೆಳಗಿಳಿಯುವ) ಹೊತ್ತಿಗೆ ಇಳಿದಿರುತ್ತದೆ, ಕಿವಿ ತಮಟೆಗೆ ಪೆಟ್ಟಾಗುವುದು ಆಗಲೇ.

ನೈಟ್ ಡ್ಯೂಟಿ: ನೆಗಡಿಗೆ ಒಂದು ಮನೆಮದ್ದಿದೆ, ಕಳಿಸ್ತೀನಿ.

ಅಡ್ಮಿನ್: ನೈಟ್ ಡ್ಯೂಟಿ ಅವರನ್ನು ಒಂದು ದಿನ ಮ್ಯೂಟ್ ಮಾಡಿದೆ.

ಸೂಟ್‌ಕೇಸ್ ಸಂಸಾರ: ಡಾಕ್ಟ್ರೇ, ಸಿಕ್ ಹಾಕಿದಾರೆ. ನಾಡಿದ್ದು ಮನೋವೈದ್ಯರ ಅಪಾಯಿಂಟ್‌ಮೆಂಟ್. ಗೊರಕೆ ಇದೆ, ಎಚ್ಚರ ನಾಲ್ಕಕ್ಕೆ. ಇವರ ಹತ್ರ ಎರಡು ದೇಶದ ಲೈಸೆನ್ಸ್ ಇದೆ, ಮೊದಲಿನದೂ ಈ ಬೇಸಿನದೂ. ಮೆಡಿಕಲ್ ಫಾರ್ಮಲ್ಲಿ ಮಾತ್ರೆ ವಿಷಯ ಬರೀಬೇಕಾ?

ಡಾಕ್ಟರ್: ಬರೆಯಬೇಕು, ಎರಡೂ ಕಡೆ. ಒಂದು ಪ್ರಾಧಿಕಾರಕ್ಕೆ ಹೇಳಿ ಇನ್ನೊಂದಕ್ಕೆ ಮುಚ್ಚಿಟ್ಟರೆ, ಲೈಸೆನ್ಸ್ ವೆರಿಫಿಕೇಶನ್ ಹೊತ್ತಿಗೆ ಹೊರಬೀಳುತ್ತದೆ. ಆಗ ಪ್ರಶ್ನೆ ನಿದ್ದೆಯದಲ್ಲ, ಸುಳ್ಳು ಘೋಷಣೆಯದು. ಮುಂದಿನ ತಿಂಗಳ ಮೆಡಿಕಲ್‌ಗೆ ಓಡಬೇಡಿ, ಅವಧಿ ಮುಗಿದರೆ ಮುಗಿಯಲಿ. ಚಿಕಿತ್ಸೆಯ ಪತ್ರ ಕೈಯಲ್ಲಿಟ್ಟುಕೊಂಡು ನವೀಕರಿಸುವುದು ಸುಲಭ. ಗೊರಕೆ ಇರುವುದರಿಂದ ಸ್ಲೀಪ್ ಸ್ಟಡಿ ಬರೆಸಿಕೊಳ್ಳಿ, ಕ್ಲೋನಾಜೆಪಾಮ್ ವಿಷಯ ಆ ಲ್ಯಾಬಿನವರಿಗೂ ಮೊದಲೇ ತಿಳಿಸಿ, ಮಾತ್ರೆಯಿಂದ ಫಲಿತಾಂಶ ಬದಲಾಗುತ್ತದೆ. ಪತ್ರದಲ್ಲಿ ಮಾತ್ರೆ ಶುರುವಾದ ದಿನ, ಇಳಿಸಿದ ಕ್ರಮ, ಕೊನೆಯ ಡೋಸ್‌ನ ತಾರೀಖು ಮೂರೂ ಇರಲಿ. ಬರೀ 'ಈಗ ಆರೋಗ್ಯವಾಗಿದ್ದಾರೆ' ಅನ್ನುವ ಪತ್ರ ವಾಪಸ್ ಬರುತ್ತದೆ.

ಟೈಪ್ ರೇಟಿಂಗ್: ಸರ್, ಲ್ಯಾಸಿಕ್ ಮಾಡಿಸಿದ್ರೆ ಎಷ್ಟು ದಿನ ಗ್ರೌಂಡ್?

ಅಡ್ಮಿನ್: ಡಾಕ್ಟರ್‌ಗೆ ಕ್ಲಿನಿಕ್ ಸಮಯ. ಕಾಮೆಂಟ್ ಮುಚ್ಚುತ್ತಿದ್ದೇನೆ.