ಕೀನ್ಯಾದಲ್ಲಿ ಕೇಳಿಸಿದ ಕರೆ: ಓದುಗರ ಸ್ಪಂದನ

ಮಂಗಳೂರಿನ 27 ವರ್ಷದ ನರ್ಸ್ ಒಬ್ಬರು ಕಳೆದ ಬಾರಿ ತಮ್ಮ ಗೊಂದಲ ಬರೆದಿದ್ದರು. ತಮ್ಮ ಚರ್ಚ್ ಸಭೆಯ ತಂಡದ ಜೊತೆ ಕೀನ್ಯಾದ ಕಿಸುಮು ಕಡೆಯ ಹಳ್ಳಿಗಳಿಗೆ ವೈದ್ಯಕೀಯ ಶಿಬಿರಕ್ಕೆ ಹೋಗಿದ್ದರು. ಮರದ ಕೆಳಗೆ ಕೂತು ಜ್ವರದ ಮಕ್ಕಳ ಬೆರಳು ಚುಚ್ಚಿ ಮಲೇರಿಯಾ ಪರೀಕ್ಷೆ ಮಾಡುವಾಗ ‘ನನ್ನ ಜಾಗ ಇದೇ’ ಅನಿಸಿತಂತೆ. ಊರಿಗೆ ಬಂದ ಮೇಲೂ ಅದು ಮನಸ್ಸು ಬಿಟ್ಟಿಲ್ಲ. ಇತ್ತ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಓದಿನ ಸಾಲ ಇನ್ನೂ ಇದೆ. ಇದು ದೇವರ ಕರೆಯೋ, ಪ್ರವಾಸದ ಗುಂಗೋ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ನರ್ಸ್, ಗದಗ-ಬೆಟಗೇರಿ

ತಂಗೀ, ನಾನು ವೆಲ್ಲೂರಿನ ಮಿಶನ್ ಆಸ್ಪತ್ರೆಯಲ್ಲಿ ಕಲಿತವಳು. ಅಲ್ಲಿ ಕಲಿತವರಿಗೆಲ್ಲ ಆ ಆಸ್ಪತ್ರೆ ಕಟ್ಟಿದ ಡಾಕ್ಟರ್ ಈಡಾ ಸ್ಕಡರ್ ಕತೆ ಬಾಯಿಪಾಠ. ಆದರೆ ಪ್ರಾರ್ಥನಾ ಕೂಟಗಳಲ್ಲಿ ಅದರ ಅರ್ಧವನ್ನಷ್ಟೇ ಹೇಳುತ್ತಾರೆ.

ಆ ಅರ್ಧ ನಿಮಗೂ ಗೊತ್ತಿರಬಹುದು. ಈಡಾಳ ಅಪ್ಪ ತಮಿಳುನಾಡಿನ ತಿಂಡಿವನಂನಲ್ಲಿ ಮಿಶನರಿ ಡಾಕ್ಟರ್. ಮಗಳಿಗೆ ಮಿಶನ್ ಬದುಕು ಸುತರಾಂ ಬೇಡ. ಅಮ್ಮನಿಗೆ ಹುಷಾರಿಲ್ಲ ಅಂತ 1890ರಲ್ಲಿ ಅಮೆರಿಕದಿಂದ ಬಂದಿದ್ದಳು, ಬೇಗ ವಾಪಸು ಹೋಗುವ ಯೋಚನೆಯಲ್ಲಿದ್ದಳು. ಒಂದು ರಾತ್ರಿ ಒಬ್ಬರ ಹಿಂದೆ ಒಬ್ಬರಂತೆ ಮೂವರು ಗಂಡಸರು ಬಾಗಿಲು ತಟ್ಟಿದರು. ಮೂರೂ ಮನೆಯಲ್ಲಿ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ಅಪ್ಪ ಬರುತ್ತಾರೆ ಅಂದರೆ ಬೇಡ, ಗಂಡಸು ಮುಟ್ಟುವ ಹಾಗಿಲ್ಲ, ನೀನೇ ಬಾ ಅಂದರು. ಇವಳಿಗೋ ಏನೂ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಬಾಣಂತಿಯರೂ ತೀರಿಕೊಂಡಿದ್ದರು.

ಇನ್ನರ್ಧ ಕೇಳಿ. ಮರುದಿನವೇ ಆಕೆ ಸೊಂಟ ಕಟ್ಟಿ ಕೆಲಸಕ್ಕೆ ಇಳಿಯಲಿಲ್ಲ. ಅಮೆರಿಕಕ್ಕೆ ಹೋಗಿ ಡಾಕ್ಟರಿಕೆ ಓದಿದಳು. ಓದು ಮುಗಿದದ್ದು 1899ರಲ್ಲಿ. 1900ರಲ್ಲಿ ಬಂದು ಒಂದೇ ಹಾಸಿಗೆಯ ದವಾಖಾನೆ ತೆರೆದಳು. ಆಸ್ಪತ್ರೆ ಆದದ್ದು 1902ರಲ್ಲಿ, ನರ್ಸಿಂಗ್ ಶಾಲೆ 1909ರಲ್ಲಿ, ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ 1918ರಲ್ಲಿ. ಕರೆ ಬಂದದ್ದು ಒಂದೇ ರಾತ್ರಿಯಲ್ಲಿ, ತಯಾರಿಗೇ ಹತ್ತಿರ ಹತ್ತಿರ ಹತ್ತು ವರ್ಷ.

ಇನ್ನೊಂದು ಗಮನಿಸಿ. ಊರಿನ ಬಡತನ, ರೋಗ ಎಲ್ಲವನ್ನೂ ಆಕೆ ಚಿಕ್ಕಂದಿನಿಂದ ಕಂಡವಳೇ. ಅದು ಅವಳನ್ನು ಕದಲಿಸಲಿಲ್ಲ. ಇಲ್ಲಿ ಹೆಂಗಸು ಡಾಕ್ಟರ್ ಇಲ್ಲ, ನಾನು ಹೆಂಗಸು ಅನ್ನುವ ಆ ಒಂದು ಕೊರತೆ ಎದುರಿಗೆ ಬಂದು ನಿಂತಾಗ ಕದಲಿದಳು. ನೀವು ಮಾಡಿದ ಪರೀಕ್ಷೆಯನ್ನೇ ನೋಡೋಣ. ಕಿಟ್‌ಗೆ ಒಂದು ತೊಟ್ಟು ರಕ್ತ ಹಾಕಬೇಕು, ದ್ರಾವಣ ಹಾಕಬೇಕು, ಕಾಲು ಗಂಟೆ ಕಾಯಬೇಕು. ಎರಡು ಗೆರೆ ಮೂಡಿದರೆ ಮಲೇರಿಯಾ. ತರಬೇತಿ ಕೊಟ್ಟರೆ ಅದೇ ಊರಿನ ಆರೋಗ್ಯ ಕಾರ್ಯಕರ್ತೆ ನಿಮಗಿಂತ ಚೆನ್ನಾಗಿ ಮಾಡುತ್ತಾಳೆ, ಮಗು ಅವಳ ಕೈಯಲ್ಲಿ ಅಷ್ಟು ಅಳುವುದೂ ಇಲ್ಲ. ಅವಳಿಗೆ ಬಾರದ್ದು, ನಿಮಗೆ ಬರುವುದು ಏನಿದೆ? ಹೆರಿಗೆ ವಾರ್ಡಿನ ಅನುಭವವೋ, ತೂಕ ಕಡಿಮೆ ಇರುವ ಶಿಶುಗಳನ್ನು ಉಳಿಸುವ ಕೈಗುಣವೋ? ಉತ್ತರ ಸಿಕ್ಕಿದರೆ ನಿಮ್ಮ ಕರೆಗೆ ಒಂದು ಆಕಾರ ಬರುತ್ತದೆ. ಸಿಗದಿದ್ದರೆ ಮೊದಲು ಕಲಿಯಿರಿ. 27 ಏನೂ ಜಾಸ್ತಿ ವಯಸ್ಸಲ್ಲ.

ಓದುಗ, ಶಿವಮೊಗ್ಗ

ನಾನು ಕ್ರೈಸ್ತನಲ್ಲ, ಆದರೂ ಬರೆಯಬೇಕು ಅನಿಸಿತು. ಔಷಧಿ ಸಾಲಿನಲ್ಲಿ ನಿಂತ ತಾಯಿಗೆ, ಪ್ರಾರ್ಥನೆಗೆ ಕೂರದೆ ಹೋದರೂ ಮಾತ್ರೆ ಸಿಗುತ್ತದೆ ಅನ್ನುವುದು ಗೊತ್ತಿತ್ತಾ? ನೀವು ಹೇಳಿದ್ದಿರಬಹುದು. ಅವಳಿಗೆ ನಂಬಿಕೆ ಬಂದಿತ್ತಾ ಅನ್ನುವುದು ನನ್ನ ಪ್ರಶ್ನೆ. ಹೋಗುವುದಾದರೆ ಇದನ್ನು ಯೋಚಿಸಿ ಹೋಗಿ.

ಒಬ್ಬ ತಂದೆ, ಉಡುಪಿ

ಮಗಳೇ, ನನ್ನ ಮಗನೂ ಹೀಗೇ ಒಂದು ದಿನ ಊಟಕ್ಕೆ ಕೂತಾಗ ‘ಸೇವೆಗೆ ಹೋಗುತ್ತೇನೆ’ ಅಂದ. ಅವನಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ದೇವರು ಕರೆದಿದ್ದಾನೆ ಅಂದುಬಿಟ್ಟರೆ ಹೆತ್ತವರಿಗೆ ಮಾತೇ ಇರುವುದಿಲ್ಲ, ಅಲ್ವಾ? ಬೇಡ ಅಂದರೆ ದೇವರಿಗೇ ಎದುರಾಡಿದ ಹಾಗೆ. ಹಾಗಾಗಿ ಆ ಮಾತನ್ನು ಮೊದಲಿಗೇ ಎತ್ತಬೇಡಿ. ಅಲ್ಲಿ ಏನು ನೋಡಿದಿರಿ, ಯಾವ ಮಗುವಿಗೆ ಏನಾಯಿತು, ಅದನ್ನು ಹೇಳಿ. ನಿಮ್ಮಮ್ಮನಿಗೆ ಆ ಮಗುವಿನ ಮೇಲೆ ಕನಿಕರ ಹುಟ್ಟಲಿ, ಮಿಕ್ಕದ್ದು ಆಮೇಲೆ.

ಇಲ್ಲದಿದ್ದರೆ ಮದುವೆ ತಪ್ಪಿಸಿಕೊಳ್ಳಲು ಕೀನ್ಯಾದ ನೆಪ ಅಂತಲೇ ಅವರು ತಿಳಿಯುತ್ತಾರೆ. ಕೇಳಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದರಲ್ಲಿ ಸ್ವಲ್ಪವಾದರೂ ನಿಜ ಇದೆಯಾ? ಇದ್ದರೆ ಮದುವೆ ವಿಷಯವನ್ನು ಮದುವೆ ವಿಷಯವಾಗಿಯೇ ಮಾತಾಡಿ.

ಬೈಬಲಿನ ಎಲೀಷನ ಕತೆ ನೆನಪಿದೆಯಲ್ಲ? ಪ್ರವಾದಿ ಎಲೀಯ ತನ್ನ ಕಂಬಳಿ ಮೇಲೆ ಹಾಕಿ ಕರೆದ ಮೇಲೂ ಅಪ್ಪ ಅಮ್ಮನಿಗೆ ಮುತ್ತಿಟ್ಟು ಬರುತ್ತೇನೆ ಅಂದ. ಉಳುತ್ತಿದ್ದ ಎತ್ತುಗಳನ್ನೇ ಕೊಯ್ದು ಜನರಿಗೆಲ್ಲ ಊಟ ಹಾಕಿ ಹೊರಟ. ಓದಿನ ಸಾಲಕ್ಕೆ ಜಾಮೀನು ನಿಮ್ಮ ಅಪ್ಪನೇ ಇರಬೇಕು. ಅದನ್ನು ತೀರಿಸಿ ಹೊರಡಿ. ಕಂತು ಕಟ್ಟುತ್ತಾ ಕಟ್ಟುತ್ತಾ ಆಸೆ ಆರಿಹೋದರೆ ಅದೂ ಒಂದು ಉತ್ತರವೇ.

ನಿವೃತ್ತ ಮೇಷ್ಟ್ರು, ಧಾರವಾಡ

1834ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು ಅಂತ ನಾವೆಲ್ಲ ಹೇಳುತ್ತಲೇ ಇರುತ್ತೇವೆ. ಅದಕ್ಕೂ ಮೊದಲು, 1828ರಲ್ಲಿ, ಅದೇ ಮಿಶನ್ ಆಫ್ರಿಕಾಕ್ಕೆ, ಈಗಿನ ಘಾನಾ ಕರಾವಳಿಗೆ, ನಾಲ್ವರನ್ನು ಕಳಿಸಿತ್ತು. ಕೆಲವೇ ವರ್ಷಗಳಲ್ಲಿ ನಾಲ್ವರೂ ರೋಗದಿಂದ ಸತ್ತರು. ಇವರನ್ನೆಲ್ಲ ಬಾಸೆಲ್‌ನಲ್ಲಿ ಮೊದಲು ಓದಿಸುತ್ತಿದ್ದರು. ಯಾವ ದೇಶಕ್ಕೆ ಯಾರು ಅನ್ನುವುದನ್ನು ಅಲ್ಲಿನ ಸಮಿತಿ ತೀರ್ಮಾನಿಸುತ್ತಿತ್ತು. ‘ನನಗೆ ಇಂಥ ಊರೇ ಬೇಕು’ ಅನ್ನುವ ಮಾತು ನಡೆಯುತ್ತಿರಲಿಲ್ಲ.

ಅದೇ ಮಿಶನ್ನಿನ ಕಿಟೆಲ್ 1853ರಲ್ಲಿ ಬಂದದ್ದು ಸುವಾರ್ತೆ ಸಾರಲು. ನಾವು ಇಂದು ಅವರನ್ನು ನೆನೆಯುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿಗಾಗಿ. ಹಡಗು ಹತ್ತುವಾಗ ಅವರ ಮುಂದೆ ಆ ನಿಘಂಟು ಇರಲಿಲ್ಲ. ಎಷ್ಟೋ ವರ್ಷ ಇಲ್ಲಿನ ಜನರ ನಡುವೆ ತಿರುಗಾಡಿ, ಅವರ ಮಾತು ಕೇಳಿಸಿಕೊಂಡು ಆದ ಕೆಲಸ ಅದು. ಮರದ ಕೆಳಗೆ ಅನಿಸಿದ್ದನ್ನೇ ಜೀವನಪೂರ್ತಿ ಮಾಡುತ್ತೇನೆ ಅಂತ ಹಟ ಹಿಡಿಯಬೇಡಿ. ಬೈಬಲಿನಲ್ಲಿ ನೋಡಿ, ಅಂತಿಯೋಕ್ಯದಲ್ಲಿ ಬಾರ್ನಬ, ಸೌಲ (ಅವನೇ ಪೌಲ) ತಾವಾಗಿಯೇ ಹೊರಡಲಿಲ್ಲ, ಸಭೆ ಉಪವಾಸ ಮಾಡಿ ಕೈಯಿಟ್ಟು ಕಳಿಸಿತು. ನಿಮ್ಮ ಸಭೆಯ ಅಯ್ಯನವರ (ಪಾದ್ರಿಗಳ) ಹತ್ತಿರ ಮಾತಾಡಿದಿರಾ? ಪತ್ರದಲ್ಲಿ ಆ ಮಾತೇ ಇಲ್ಲ.

ಇನ್ನೊಬ್ಬ ನರ್ಸ್, ಮಂಗಳೂರು

ಮಾರಾಯ್ತಿ, ನಿನ್ನ ವಾರ್ಡಿನಲ್ಲೇ ನೋಡು. ಒಡಿಶಾ, ಬಿಹಾರದಿಂದ ಕಟ್ಟಡ ಕೆಲಸಕ್ಕೆ ಬಂದವರು ಮಲೇರಿಯಾ ಅಂತ ಬಂದು ಮಲಗುತ್ತಾರೆ. ಜೊತೆಗೆ ಯಾರೂ ಇರುವುದಿಲ್ಲ, ಭಾಷೆ ಬರುವುದಿಲ್ಲ. ಡ್ರಿಪ್ ಮುಗಿದರೂ ಕರೆಯಲು ಹೆದರುತ್ತಾರೆ. ಬೈಬಲಿನಲ್ಲಿ ಗೆರಸೇನರ ಸೀಮೆಯಲ್ಲಿ ದೆವ್ವ ಬಿಟ್ಟವನು ‘ನಿನ್ನ ಜೊತೆ ಬರುತ್ತೇನೆ’ ಅಂತ ಬೇಡಿಕೊಂಡಾಗ ಯೇಸು ಏನಂದ? ಮನೆಗೆ ಹೋಗು ಅಂದ. ನೈಟ್ ಡ್ಯೂಟಿಯಲ್ಲಿ ಬಾರದ ಕರೆ ವಿಮಾನ ಹತ್ತಿದ ಮೇಲೆ ಬಂತು ಅಂದರೆ ನನಗೆ ಸ್ವಲ್ಪ ಅನುಮಾನವೇ.

ನೈರೋಬಿಯಲ್ಲಿರುವ ಕನ್ನಡಿಗ

ಇಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಕ್ರೈಸ್ತರು. ಭಾನುವಾರದ ಆರಾಧನೆ ನಮ್ಮ ಊರಿನದಕ್ಕಿಂತ ಎಷ್ಟೋ ಉದ್ದ. ಇಲ್ಲಿನ ಸಭೆಗಳೇ ಬೇರೆ ದೇಶಗಳಿಗೆ ಮಿಶನರಿಗಳನ್ನು ಕಳಿಸುತ್ತವೆ. ಹಾಗಾಗಿ ಕತ್ತಲಲ್ಲಿರುವ ನಾಡು ಅಂತ ಯಾರಾದರೂ ನಿಮಗೆ ಹೇಳಿದ್ದರೆ ಸುಮ್ನೆ ನಕ್ಕುಬಿಡಿ.

ನರ್ಸಿಂಗ್ ಓದಿಯೂ ಕೆಲಸ ಸಿಗದವರು ಇಲ್ಲಿ ಬಹಳ. 2021ರಲ್ಲಿ ಕೀನ್ಯಾ ಸರಕಾರ ಇಂಥವರನ್ನು ಕಳಿಸಲೆಂದೇ ಬ್ರಿಟನ್ ಜೊತೆ ಒಪ್ಪಂದ ಮಾಡಿಕೊಂಡಿತು. ಹಾಗಂತ ಆಸ್ಪತ್ರೆಯಲ್ಲಿ ನರ್ಸುಗಳು ತುಂಬಿದ್ದಾರೆ ಅಂದುಕೊಳ್ಳಬೇಡಿ. ಕೈಗಳಿವೆ, ಸಂಬಳಕ್ಕೆ ದುಡ್ಡಿಲ್ಲ. ನೀವು ಸಂಬಳವಿಲ್ಲದೆ ಬಂದು ದುಡಿದರೆ ಇಲ್ಲಿನ ಒಬ್ಬಳ ಕೆಲಸಕ್ಕೆ ಕಲ್ಲು ಬಿದ್ದರೂ ಬಿತ್ತು. ಒಂದು ವಿಷಯದಲ್ಲಿ ಪಳಗಿ ಬಂದರೆ ಕತೆ ಬೇರೆ. ಕಿಜಾಬೆ, ಟೆನ್ವೆಕ್ ಮಿಶನ್ ಆಸ್ಪತ್ರೆಗಳಲ್ಲಿ ನರ್ಸಿಂಗ್ ಕಲಿಸುತ್ತಾರೆ. ಕಲಿಸುವವರಾಗಿ ಬರಬಹುದಾ ಅಂತ ವಿಚಾರಿಸಿ. ಪ್ರವಾಸಿ ಅನುಮತಿಯಲ್ಲಿ ಕೆಲಸ ಮಾಡುವ ಹಾಗಿಲ್ಲ. ಧಾರ್ಮಿಕ, ದತ್ತಿ ಕೆಲಸಕ್ಕೆ ಬೇರೆ ಪರ್ಮಿಟ್ ಇದೆ. ರೋಗಿಯನ್ನು ಮುಟ್ಟಬೇಕಾದರೆ ಇಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು.

ಕಿಸುಮು ಹಳ್ಳಿಗಳಲ್ಲಿ ಅಜ್ಜಿಯರು ಆಡುವುದು ಲುವೊ ಭಾಷೆ. ಇಂಗ್ಲಿಷಿನಲ್ಲಿ ನಿಮ್ಮ ಪಕ್ಕ ನಿಂತು ಹೇಳಿದ ಹುಡುಗ ಅವರ ಮಾತಿನ ಎಷ್ಟನ್ನು ನಿಮಗೆ ದಾಟಿಸಿದನೋ ಯಾರಿಗೆ ಗೊತ್ತು! ಅವನ ಸಭೆಯವರಿಗೇ ಬರೆದು ಕೇಳಿ, ನಾನು ಮತ್ತೆ ಬರಬೇಕಾ, ಬಂದರೆ ಏನು ಮಾಡಲಿ ಅಂತ. ಬೈಬಲಿನಲ್ಲಿ ಮಕೆದೋನ್ಯದವನು ದರ್ಶನದಲ್ಲಿ ಪೌಲನಿಗೆ ‘ಬಾ’ ಅಂದ ಹಾಗೆ ಆ ಕಡೆಯಿಂದಲೂ ಯಾರಾದರೂ ಅನ್ನಬೇಕಲ್ಲ.

ಅವರು ಬಾ ಅಂದರೆ ಮಾರ್ಚ್‌ನಿಂದ ಮೇ ನಡುವೆ ಬನ್ನಿ, ತಂಡ ಬೇಡ. ಅದು ದೊಡ್ಡ ಮಳೆಯ ಕಾಲ. ಹಳ್ಳಿ ದಾರಿಯಲ್ಲಿ ಕೆಸರು, ಮಲೇರಿಯಾ ಏರುವ ಹೊತ್ತು, ಹಾಡಲು ಜೊತೆಗಾರರೂ ಇರುವುದಿಲ್ಲ. ಮೂರು ತಿಂಗಳು ಯಾವುದಾದರೂ ಮನೆಯಲ್ಲಿ ಉಗಾಲಿ (ಜೋಳದ ಹಿಟ್ಟಿನ ಮುದ್ದೆ), ಸುಕುಮಾ ಸೊಪ್ಪು ತಿಂದುಕೊಂಡು ಇದ್ದು, ಆಗಲೂ ಅದೇ ಅನಿಸುತ್ತದಾ ನೋಡಿ. ಹಳದಿ ಜ್ವರದ ಲಸಿಕೆ ಕಾರ್ಡ್ ಜೋಪಾನ. ಹೋದ ಸಲ ಹಾಕಿಸಿಕೊಂಡದ್ದೇ ಜೀವನಪೂರ್ತಿ ನಡೆಯುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕಾಗಿಲ್ಲ.