ಯಕ್ಷಗಾನಕ್ಕೆ, ಶಿಲ್ಪಕ್ಕೆ, ಹಕ್ಕಿಗೆ: ಹಳೆಯ 5ಡಿ ಮಾರ್ಕ್ 2 ಕೊಳ್ಳಲೇ, 7ಡಿ ಕೊಳ್ಳಲೇ?

ಪ್ರಶ್ನೆ (ಸಾಗರದ ಸದಸ್ಯೆ):

ನಮಸ್ಕಾರ ಸರ್. ನಾನು ಸಾಗರ ತಾಲ್ಲೂಕಿನಲ್ಲಿ ಶಾಲಾ ಶಿಕ್ಷಕಿ. ಹಲವು ವರ್ಷಗಳಿಂದ ಕ್ಯಾನನ್ 1000ಡಿ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಿದ್ದೇನೆ. ಅದರ ಜೊತೆ ಬಂದ 18-55 ಲೆನ್ಸ್ ಮತ್ತು ಆಮೇಲೆ ಕೊಂಡ 50 ಮಿ.ಮೀ. ಎಫ್ 1.8 ಲೆನ್ಸ್ ನನ್ನ ಬಳಿ ಇವೆ. ನಮ್ಮೂರಿನ ಸ್ಟುಡಿಯೊದವರು ವೃತ್ತಿ ನಿಲ್ಲಿಸುತ್ತಿದ್ದು, ತಮ್ಮ 5ಡಿ ಮಾರ್ಕ್ 2 ಮತ್ತು 7ಡಿ ಕ್ಯಾಮೆರಾಗಳಲ್ಲಿ ಒಂದನ್ನು ಕೊಡುವುದಾಗಿ ಹೇಳಿದ್ದಾರೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಎರಡನ್ನೂ ಕೊಳ್ಳುವ ಶಕ್ತಿ ನನಗಿಲ್ಲ.

ನಾನು ಮುಖ್ಯವಾಗಿ ತೆಗೆಯುವುದು ರಾತ್ರಿಯ ಬಡಗುತಿಟ್ಟಿನ ಯಕ್ಷಗಾನ. ಊರಿನ ಹಿರಿಯ ಕಲಾವಿದರ ವೇಷಗಳನ್ನು ದಾಖಲಿಸಿಡಬೇಕೆಂಬುದು ನನ್ನ ಆಸೆ. ಎರಡನೆಯದು ಇಕ್ಕೇರಿ ಮತ್ತು ಕೆಳದಿಯ ದೇವಾಲಯಗಳ ಶಿಲ್ಪ. ಮಳೆಗಾಲದಲ್ಲಿ ಗುಡವಿಗೆ ಹೋದಾಗ ಹಕ್ಕಿಗಳನ್ನೂ ತೆಗೆಯುತ್ತೇನೆ. 7ಡಿ ಹೊಸದು, ವೇಗವಾಗಿದೆ ಎಂದು ಕೆಲವರೂ, 5ಡಿ ಫುಲ್ ಫ್ರೇಮ್ ಆದ್ದರಿಂದ ಅದೇ ಮೇಲು ಎಂದು ಉಳಿದವರೂ ಹೇಳುತ್ತಾರೆ. ಯಾವುದು ಸರಿ?

ಉತ್ತರ:

ನಮಸ್ಕಾರ ಮೇಡಂ. ಈ ಎರಡೂ ಕ್ಯಾಮೆರಾಗಳಲ್ಲಿ ನಾನು ವರ್ಷಗಟ್ಟಲೆ ದುಡಿದಿದ್ದೇನೆ. ನಿಮಗೆ ಸಲಹೆ ಕೊಟ್ಟವರೆಲ್ಲರೂ ತಮ್ಮ ತಮ್ಮ ಕೆಲಸದ ಮಟ್ಟಿಗೆ ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ ಎಂದು ತಿಳಿಯಬೇಕಾದರೆ ಎರಡು ಸಂಗತಿಗಳನ್ನು ನೋಡಬೇಕು: ನೀವು ತೆಗೆಯುವ ಜಾಗದಲ್ಲಿ ಬೆಳಕು ಎಷ್ಟಿರುತ್ತದೆ, ವಸ್ತು ನಿಮ್ಮಿಂದ ಎಷ್ಟು ದೂರದಲ್ಲಿರುತ್ತದೆ.

5ಡಿ ಮಾರ್ಕ್ 2 ಬಂದದ್ದು 2008ರಲ್ಲಿ, 7ಡಿ ಮರುವರ್ಷ 2009ರಲ್ಲಿ. ಹಾಗಾಗಿ ಒಂದು ವರ್ಷದ ವ್ಯತ್ಯಾಸಕ್ಕೆ ಈಗ ಬೆಲೆಯಿಲ್ಲ. ಮೊದಲನೆಯದರ ಸೆನ್ಸರ್ (ಬೆಳಕನ್ನು ಹಿಡಿಯುವ ಫಲಕ) 36×24 ಮಿ.ಮೀ. ಅಳತೆಯದು, ಇದನ್ನೇ ಫುಲ್ ಫ್ರೇಮ್ ಎನ್ನುವುದು, 21.1 ಮೆಗಾಪಿಕ್ಸೆಲ್. ಎರಡನೆಯದು 22.3×14.9 ಮಿ.ಮೀ., 18 ಮೆಗಾಪಿಕ್ಸೆಲ್. ವಿಸ್ತೀರ್ಣದಲ್ಲಿ 5ಡಿಯದು ಸುಮಾರು 2.6 ಪಟ್ಟು ದೊಡ್ಡದು. ಒಂದೇ ಅಪರ್ಚರ್, ಒಂದೇ ಶಟರ್ ವೇಗ ಇಟ್ಟು ಒಂದೇ ಚೌಕಟ್ಟನ್ನು ತುಂಬಿಸಿದರೆ ಅದಕ್ಕೆ ಅಷ್ಟು ಪಟ್ಟು ಹೆಚ್ಚು ಬೆಳಕು ಸಿಗುತ್ತದೆ. ರಾತ್ರಿಯ ರಂಗಸ್ಥಳದಲ್ಲಿ ಇದು ಒಂದು ಸ್ಟಾಪ್‌ಗಿಂತ ಸ್ವಲ್ಪ ಹೆಚ್ಚೇ ಲಾಭ (ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್). 7ಡಿಯಲ್ಲಿ 1600 ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಇಟ್ಟಾಗ ನೆರಳುಗಳಲ್ಲಿ ಕಾಣುವಷ್ಟೇ ಕಾಳುಕಾಳು 5ಡಿಯಲ್ಲಿ ಕಾಣಬೇಕಾದರೆ 3200ನ್ನು ದಾಟಬೇಕು.

ಯಕ್ಷಗಾನದ ಮಾತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಜೀವ ಅಲ್ಲಿದೆ. ವೇಷಧಾರಿ ಮಂಡಿ ತಿರುಗುವಾಗ ಅಥವಾ ಯುದ್ಧದ ಕುಣಿತದಲ್ಲಿ ಚಲನೆಯನ್ನು ನಿಲ್ಲಿಸಿ ಹಿಡಿಯಲು ಸೆಕೆಂಡಿನ 1/250 ಭಾಗವಾದರೂ ಬೇಕು, 1/500 ಇದ್ದರೆ ಇನ್ನೂ ಒಳ್ಳೆಯದು. ಎಫ್ 2ರ ಆಸುಪಾಸಿನ ಅಪರ್ಚರ್ ಇಟ್ಟರೂ ಹಳ್ಳಿಯ ಬಯಲಾಟದ ಬೆಳಕಿನಲ್ಲಿ 3200 ಐಎಸ್‌ಒ ಬೇಕಾಗುತ್ತದೆ. ಅಲ್ಲಿ 5ಡಿ ಕೊಡುವ ಮುಖದ ಬಣ್ಣಗಾರಿಕೆಯ ವಿವರ, ಕೇದಗೆ ಮುಂದಲೆ ಎಂಬ ಶಿರೋಭೂಷಣದ ಜರಿಯ ಸಾಲುಗಳು 7ಡಿಯಲ್ಲಿ ಅಷ್ಟು ಸ್ವಚ್ಛವಾಗಿ ಉಳಿಯುವುದಿಲ್ಲ. ದಾಖಲೆಯೇ ಉದ್ದೇಶವಾಗಿದ್ದರೆ ವೇಷದ ಆ ಸಣ್ಣ ವಿವರಗಳೇ ಮುಖ್ಯ.

ಆದರೆ ಫೋಕಸ್ ವಿಷಯದಲ್ಲಿ 7ಡಿ ಬಹಳ ಮುಂದಿದೆ, ಇದನ್ನು ಮುಚ್ಚಿಡಬಾರದು. ಅದರ 19 ಫೋಕಸ್ ಬಿಂದುಗಳೂ ಕ್ರಾಸ್ ಮಾದರಿಯವು, ಎಂದರೆ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯಬಲ್ಲವು. 5ಡಿಯಲ್ಲಿ ಆರಿಸಿಕೊಳ್ಳಬಹುದಾದ ಬಿಂದುಗಳು 9 ಮಾತ್ರ, ಅವುಗಳಲ್ಲಿ ನಡುವಿನದೊಂದೇ ಕ್ರಾಸ್ ಮಾದರಿಯದು. ಮಂದ ಬೆಳಕಿನಲ್ಲಿ ಅಂಚಿನ ಬಿಂದುಗಳನ್ನು ನಂಬಿದರೆ ಕಣ್ಣಿನ ಬದಲು ಹಿಂದಿನ ಪರದೆ ಸ್ಪಷ್ಟವಾಗಿ ಬಂದಿರುತ್ತದೆ. ಹಾಗಾಗಿ 5ಡಿ ಹಿಡಿದವರು ನಡುವಿನ ಬಿಂದುವನ್ನು ಮುಖದ ಮೇಲಿಟ್ಟು ಫೋಕಸ್ ಮಾಡಿ, ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆದು, ಆಮೇಲೆ ಕತ್ತರಿಸಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. 21 ಮೆಗಾಪಿಕ್ಸೆಲ್‌ನಲ್ಲಿ ಹೀಗೆ ಕತ್ತರಿಸಲು ಧಾರಾಳ ಅವಕಾಶವಿದೆ. ನೀವು ಆಟವನ್ನು ಬಲ್ಲವರು. ಭಾಗವತರ ಪದ ಎಲ್ಲಿ ನಿಲ್ಲುತ್ತದೆ, ಚೆಂಡೆಯ ಯಾವ ಪೆಟ್ಟಿಗೆ ಕಲಾವಿದ ಭಂಗಿಯಲ್ಲಿ ಕ್ಷಣಕಾಲ ನಿಲ್ಲುತ್ತಾನೆ ಎಂಬುದು ನಿಮಗೆ ಗೊತ್ತಿರುವಾಗ, ಸೆಕೆಂಡಿಗೆ 8 ಚಿತ್ರ ತೆಗೆಯುವ 7ಡಿಯ ವೇಗ ನಿಮಗೆ ಅನಿವಾರ್ಯವಲ್ಲ. 5ಡಿಯ ಸೆಕೆಂಡಿಗೆ 3.9 ಚಿತ್ರಗಳ ವೇಗ ಸಾಕು.

ಕೆಂಪು ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ರಂಗದ ಬೆಳಕಿನಲ್ಲಿ ಕೆಂಪು ಉಡುಪು ಎಲ್ಲಕ್ಕಿಂತ ಮೊದಲು ಸುಟ್ಟುಹೋಗುತ್ತದೆ, ನೆರಿಗೆಗಳೆಲ್ಲ ಮಾಯವಾಗಿ ಒಂದೇ ಕೆಂಪು ಮುದ್ದೆಯಾಗುತ್ತದೆ. ಒಟ್ಟು ಬೆಳಕಿನ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಇದನ್ನು ತೋರಿಸುವುದಿಲ್ಲ. ಎರಡೂ ಕ್ಯಾಮೆರಾಗಳಲ್ಲಿ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಇದೆ, ಅದನ್ನೇ ನೋಡಿ. ರಾ ಫೈಲ್‌ನಲ್ಲಿಯೇ ತೆಗೆಯಿರಿ.

ದೇವಾಲಯದ ಕೆಲಸದಲ್ಲಿ ಲೆಕ್ಕ ಬೇರೆ. ಶಿಲ್ಪ ಅಲುಗುವುದಿಲ್ಲ, ಆದ್ದರಿಂದ ಫೋಕಸ್‌ನ ವೇಗಕ್ಕೆ ಅಲ್ಲಿ ಅರ್ಥವಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಒಳಗಾಗಲಿ, ಕೆಳದಿಯ ರಾಮೇಶ್ವರ ದೇವಾಲಯದ ಛಾವಣಿಯ ಗಂಡಭೇರುಂಡದ ಕೆಳಗಾಗಲಿ ನಿಂತಾಗ ಬೇಕಾಗುವುದು ವಿಶಾಲ ನೋಟ ಮತ್ತು ನೆರಳಿನೊಳಗಿನ ವಿವರ. ಇವೆರಡರಲ್ಲೂ 5ಡಿಗೆ ಮೇಲುಗೈ. ಆದರೂ ಫುಲ್ ಫ್ರೇಮ್‌ನ ಲಾಭವನ್ನು ಬಹಳ ಜನ ಇಲ್ಲಿ ತಪ್ಪಾಗಿ ಎಣಿಸುತ್ತಾರೆ. ಮುಂದಿನ ಕಂಬದಿಂದ ಹಿಂದಿನ ಗೋಡೆಯವರೆಗೆ ಎಲ್ಲವೂ ಸ್ಪಷ್ಟವಾಗಿ ಬರಬೇಕೆಂದು 7ಡಿಯಲ್ಲಿ ಎಫ್ 8 ಇಡುವ ಕಡೆ, ಅಷ್ಟೇ ಆಳದ ಸ್ಪಷ್ಟತೆಗೆ 5ಡಿಯಲ್ಲಿ ಸುಮಾರು ಎಫ್ 13 ಇಡಬೇಕು. ಎಫ್ ಸಂಖ್ಯೆ ಏರಿದಷ್ಟೂ ಲೆನ್ಸ್‌ನ ಕಂಡಿ ಕಿರಿದಾಗುವುದರಿಂದ, ಆಗ ಬೆಳಕಿನಲ್ಲಿ ಗಳಿಸಿದ್ದನ್ನೆಲ್ಲ ಅಲ್ಲಿಯೇ ಕಳೆದುಕೊಂಡಂತಾಗುತ್ತದೆ. ಟ್ರೈಪಾಡ್ ಇದ್ದರೆ ಈ ತೊಡಕಿಲ್ಲ. ಆದರೆ ಪುರಾತತ್ತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಅನುಮತಿ ಸಿಕ್ಕ ದಿನ ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುವ ಕ್ರಮದಲ್ಲಿ) 10 ಪಟ್ಟು ಹಿಗ್ಗಿಸಿ ಕೈಯಿಂದಲೇ ಫೋಕಸ್ ಮಾಡಿ, 2 ಸೆಕೆಂಡಿನ ಟೈಮರ್ ಇಟ್ಟು ತೆಗೆಯಿರಿ.

ಇನ್ನೊಂದು ದೋಷ ಎರಡಕ್ಕೂ ಸೇರಿದ್ದು. ಕಡಿಮೆ ಬೆಳಕಿನಲ್ಲಿ ಕಪ್ಪಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಎತ್ತಿದರೆ ಪಟ್ಟೆಪಟ್ಟೆಯಾದ ಗೆರೆಗಳು ಮೇಲೆದ್ದು ಬರುತ್ತವೆ. ಈಗಿನ ಕ್ಯಾಮೆರಾಗಳಲ್ಲಿ ನೆರಳನ್ನು ಮೂರು ನಾಲ್ಕು ಸ್ಟಾಪ್ ಎತ್ತುವುದನ್ನು ಕಂಡವರು ಇವುಗಳಲ್ಲಿ ಅದನ್ನು ನಿರೀಕ್ಷಿಸಬಾರದು. ತೆಗೆಯುವಾಗಲೇ ಬೆಳಕನ್ನು ಸರಿಯಾಗಿ ಕೊಡಿ.

ಹಕ್ಕಿಗಳಿಗೆ 7ಡಿ. ಇದರಲ್ಲಿ ಚರ್ಚೆಯೇ ಇಲ್ಲ. 400 ಮಿ.ಮೀ. ಲೆನ್ಸ್ ಅದರಲ್ಲಿ 640 ಮಿ.ಮೀ.ನಷ್ಟು ಹತ್ತಿರದ ನೋಟ ಕೊಡುತ್ತದೆ. ಅದೇ ಲೆನ್ಸ್‌ನಿಂದ 5ಡಿಯಲ್ಲಿ ತೆಗೆದು ಅಷ್ಟೇ ಭಾಗವನ್ನು ಕತ್ತರಿಸಿಕೊಂಡರೆ ಉಳಿಯುವುದು ಸುಮಾರು 8 ಮೆಗಾಪಿಕ್ಸೆಲ್. ನಿಮ್ಮ 1000ಡಿ ಇದೇ ಚೌಕಟ್ಟಿನಲ್ಲಿ 10 ಮೆಗಾಪಿಕ್ಸೆಲ್ ಕೊಡುತ್ತದೆ ಎಂಬುದನ್ನು ಗಮನಿಸಿ. ಗೂಡಿನ ಮೇಲೆ ಕುಳಿತ ಬೆಳ್ಳಕ್ಕಿಗೆ, ರೆಕ್ಕೆ ಒಣಗಿಸುತ್ತಿರುವ ಹಾವಕ್ಕಿಗೆ ಹಗಲಿನ ಬೆಳಕಿನಲ್ಲಿ ಅದು ಇಂದಿಗೂ ಸಾಕು. ಹಾರುವ ಹಕ್ಕಿಯ ಹಿಂದೆ ಬಿದ್ದಾಗ ಮಾತ್ರ ಅದರ ಫೋಕಸ್ ಮತ್ತು ವೇಗ ಸೋಲುತ್ತವೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ: 5ಡಿ ಮಾರ್ಕ್ 2 ತೆಗೆದುಕೊಳ್ಳಿ, 1000ಡಿಯನ್ನು ಮಾರಬೇಡಿ. ನಿಮ್ಮ ಮೂರು ಕೆಲಸಗಳಲ್ಲಿ ಎರಡಕ್ಕೆ 5ಡಿ ಹೊಂದುತ್ತದೆ, ಮೂರನೆಯದಕ್ಕೆ ನಿಮ್ಮಲ್ಲಿರುವ ಹಳೆಯದು ತಕ್ಕಮಟ್ಟಿಗೆ ಒದಗುತ್ತದೆ. ಹಕ್ಕಿಯೇ ನಿಮ್ಮ ಮೊದಲ ಪ್ರೀತಿಯಾಗಿದ್ದರೆ ಇದಕ್ಕೆ ತಿರುಗಾಮುರುಗಾ ಹೇಳುತ್ತಿದ್ದೆ.

ಮರುಪ್ರಶ್ನೆ (ಸಾಗರದ ಸದಸ್ಯೆ):

ಬಹಳ ಧನ್ಯವಾದಗಳು ಸರ್. 5ಡಿ ಕೊಂಡರೆ ನನ್ನ ಎರಡೂ ಲೆನ್ಸ್‌ಗಳು ಅದಕ್ಕೆ ಹೊಂದುತ್ತವೆಯೇ? ಹಳೆಯ ಕ್ಯಾಮೆರಾವನ್ನು ಕೈಗೆ ತೆಗೆದುಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು?

ಉತ್ತರ:

ಇದನ್ನು ನಾನೇ ಮೊದಲು ಹೇಳಬೇಕಿತ್ತು. ನಿಮ್ಮ 18-55 ಇಎಫ್-ಎಸ್ ಲೆನ್ಸ್, ಎಂದರೆ ಸಣ್ಣ ಸೆನ್ಸರ್‌ಗೆಂದೇ ಮಾಡಿದ್ದು, ಅದು 5ಡಿಗೆ ಕೂರುವುದೇ ಇಲ್ಲ. 50 ಮಿ.ಮೀ. ಲೆನ್ಸ್ ಕೂರುತ್ತದೆ, ಆದರೆ ಅದರ ನೋಟ ಬದಲಾಗುತ್ತದೆ. 1000ಡಿಯಲ್ಲಿ ಅದು 80 ಮಿ.ಮೀ.ನಂತೆ ವೇಷವನ್ನು ಹತ್ತಿರ ತರುತ್ತಿತ್ತು, 5ಡಿಯಲ್ಲಿ ಅರ್ಧ ರಂಗಸ್ಥಳವೇ ಚೌಕಟ್ಟಿನೊಳಗೆ ಬಂದಂತೆ ಕಾಣುತ್ತದೆ. ಹಳೆಯ ನೋಟವೇ ಬೇಕಾದರೆ 85 ಮಿ.ಮೀ. ಎಫ್ 1.8 ಲೆನ್ಸ್ ಹುಡುಕಿ, ಯಕ್ಷಗಾನಕ್ಕೆ ಅದಕ್ಕಿಂತ ಹಿತವಾದ ಲೆನ್ಸ್ ಈ ಬೆಲೆಯಲ್ಲಿ ನಾನು ಕಂಡಿಲ್ಲ. ಚೌಕಿಯೊಳಗೆ ಬಣ್ಣ ಹಚ್ಚಿಕೊಳ್ಳುವ ದೃಶ್ಯಗಳಿಗೆ 50 ಮಿ.ಮೀ. ಚೆನ್ನಾಗಿ ಒದಗುತ್ತದೆ. ದೇವಾಲಯಕ್ಕೆ ಸೆಕೆಂಡ್ ಹ್ಯಾಂಡ್ 24-105 ಎಫ್ 4 ಅಥವಾ 17-40 ಎಫ್ 4 ಲೆನ್ಸ್ ಬೇಕಾಗುತ್ತದೆ. ಇವನ್ನು ಒಂದೇ ಸಲಕ್ಕೆ ಕೊಳ್ಳಬೇಕಿಲ್ಲ, ಆದರೆ ಈ ಖರ್ಚು ಮುಂದಿದೆ ಎಂಬುದನ್ನು ತಿಳಿದೇ ನಿರ್ಧರಿಸಿ. 7ಡಿ ಕೊಂಡಿದ್ದರೆ ಎರಡೂ ಲೆನ್ಸ್‌ಗಳನ್ನು ಹಾಗೆಯೇ ಬಳಸಬಹುದಿತ್ತು, ಇದು ಅದರ ಪರವಾದ ಬಲವಾದ ಮಾತು.

ಪರೀಕ್ಷೆಯ ವಿಷಯ. ಎರಡೂ ಕ್ಯಾಮೆರಾಗಳ ಶಟರ್ ಸುಮಾರು 1.5 ಲಕ್ಷ ಚಿತ್ರಗಳ ಬಾಳಿಕೆಗೆ ತಯಾರಾದದ್ದು. ಎಷ್ಟು ಚಿತ್ರ ತೆಗೆದಿದೆ ಎಂಬುದು ಚಿತ್ರದ ಫೈಲ್‌ನಲ್ಲಿ ಸಿಗುವುದಿಲ್ಲ. ಕ್ಯಾಮೆರಾವನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಅದಕ್ಕೆಂದೇ ಇರುವ ತಂತ್ರಾಂಶದಿಂದ ನೋಡಬೇಕು. ಮದುವೆಗಳಲ್ಲಿ ದುಡಿದ ಕ್ಯಾಮೆರಾ ಆದ್ದರಿಂದ ಇದನ್ನು ಬಿಡಬೇಡಿ. ಸಿಎಫ್ ಕಾರ್ಡ್ ಹಾಕುವ ಜಾಗದೊಳಗೆ ಟಾರ್ಚ್ ಬಿಟ್ಟು ಸಣ್ಣ ಪಿನ್‌ಗಳಲ್ಲಿ ಯಾವುದಾದರೂ ಬಾಗಿದೆಯೇ ನೋಡಿ. ಮೆನುವಿನಲ್ಲಿ ಬ್ಯಾಟರಿಯ ಮಾಹಿತಿ ತೆರೆದರೆ ಅದರ ಚಾರ್ಜ್ ಹಿಡಿಯುವ ಶಕ್ತಿ ಮೂರು ಗುರುತುಗಳಲ್ಲಿ ಕಾಣುತ್ತದೆ. ಮೂರೂ ಹಸಿರಾಗಿದ್ದರೆ ಬ್ಯಾಟರಿ ಚೆನ್ನಾಗಿದೆ. ಎಫ್ 16 ಇಟ್ಟು ಬರಿಯ ಆಕಾಶವನ್ನು ತೆಗೆದರೆ ಸೆನ್ಸರ್ ಮೇಲಿನ ಧೂಳು, ಕಲೆಗಳು ಕಾಣುತ್ತವೆ. ಧೂಳು ಹೋಗುತ್ತದೆ, ಗೀರು ಹೋಗುವುದಿಲ್ಲ.

ಲೆನ್ಸ್‌ಗಳನ್ನೂ ಅವರಲ್ಲಿಯೇ ಕೊಳ್ಳುವುದಾದರೆ ಹಿಂದಿನಿಂದ ಟಾರ್ಚ್ ಬಿಟ್ಟು ಫಂಗಸ್ ಇದೆಯೇ ಎಂದು ಕಣ್ಣಿಟ್ಟು ನೋಡಿ. ನಮ್ಮ ಮಲೆನಾಡಿನ ಮಳೆಯಲ್ಲಿ ಬೀರುವಿನೊಳಗಿಟ್ಟ ಲೆನ್ಸ್‌ಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಹಿಡಿಯಲು ಒಂದು ಮಳೆಗಾಲ ಸಾಕು. ನೀವೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಚರ್ಮದ ಚೀಲದಲ್ಲಂತೂ ಇಡಬೇಡಿ.

ಪ್ರಶ್ನೆ (ಮದುವೆ ಚಿತ್ರಗಳನ್ನು ತೆಗೆಯುವ ಸದಸ್ಯರು):

ಸರ್, ನನ್ನ ಬಳಿ 7ಡಿ ಮತ್ತು 100-400 ಲೆನ್ಸ್ ಇದೆ. ಬಿಡುವಿನಲ್ಲಿ ಹಕ್ಕಿ ತೆಗೆಯುತ್ತೇನೆ, ಆದರೆ ಹಾರುವ ಹಕ್ಕಿ ಹತ್ತರಲ್ಲಿ ಎಂಟು ಸಲ ಮಸುಕಾಗಿಯೇ ಬರುತ್ತದೆ. ಕ್ಯಾಮೆರಾದ ದೋಷವೇ? ಮದುವೆಗೆ 5ಡಿ ಮಾರ್ಕ್ 2 ಮೇಲೆಂದು ಅದಕ್ಕೆ ಬದಲಾಯಿಸಬಹುದೇ?

ಉತ್ತರ:

ಮೊದಲು ದೋಷ ಎಲ್ಲಿದೆ ಎಂದು ಬೇರ್ಪಡಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ದೂರದ ಒಂದು ಫಲಕವನ್ನು ಲೆನ್ಸ್‌ನ ಪೂರ್ತಿ 400 ಮಿ.ಮೀ.ನಲ್ಲಿ ವ್ಯೂಫೈಂಡರ್‌ನಿಂದ ಫೋಕಸ್ ಮಾಡಿ ಒಂದು ಸಲ, ಲೈವ್ ವ್ಯೂನಿಂದ ಫೋಕಸ್ ಮಾಡಿ ಇನ್ನೊಂದು ಸಲ ತೆಗೆಯಿರಿ. ಎರಡನೆಯದು ಸ್ಪಷ್ಟವಾಗಿದ್ದು ಮೊದಲನೆಯದು ಮಸುಕಾಗಿದ್ದರೆ ಮೆನುವಿನಲ್ಲಿರುವ ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್‌ನಿಂದ ಸರಿಪಡಿಸಬಹುದು. ಎರಡೂ ಸ್ಪಷ್ಟವಾಗಿದ್ದರೆ ದೋಷ ಬಳಕೆಯ ಕ್ರಮದಲ್ಲಿದೆ. ಶಟರ್ ವೇಗ 1/1600ರ ಆಚೆ ಇರಲಿ. ಎಐ ಸರ್ವೋ (ಚಲಿಸುವ ವಸ್ತುವನ್ನು ಬಿಡದೆ ಹಿಂಬಾಲಿಸುವ ಫೋಕಸ್) ಇಟ್ಟು, 19 ಬಿಂದುಗಳನ್ನೂ ತೆರೆದಿಡುವ ಬದಲು ನಡುವಿನ ಬಿಂದು ಮತ್ತು ಅದರ ನೆರೆಯ ಬಿಂದುಗಳನ್ನು ಮಾತ್ರ ಬಳಸುವ ಕ್ರಮವನ್ನು ಆರಿಸಿ. ಹಕ್ಕಿ ಮರದ ಮುಂದೆ ಹಾದುಹೋಗುವಾಗ ಫೋಕಸ್ ಎಲೆಗಳ ಮೇಲೆ ಹಾರಿಬಿಡುವುದಿದ್ದರೆ ಕಸ್ಟಮ್ ಫಂಕ್ಷನ್‌ನಲ್ಲಿ ಸರ್ವೋದ ಸೂಕ್ಷ್ಮತೆಯನ್ನು ನಿಧಾನದ ಕಡೆಗೆ ಒಂದು ಹೆಜ್ಜೆ ಸರಿಸಿ. ನಡುಹಗಲಿನಲ್ಲಿ ಕೆರೆಯ ನೀರಿನ ಮೇಲೆ ದೂರದ ಹಕ್ಕಿಯನ್ನು ತೆಗೆದರೆ ಬಿಸಿ ಗಾಳಿಯ ನಡುಕದಿಂದಲೇ ಚಿತ್ರ ಮಸುಕಾಗುತ್ತದೆ, ಅದಕ್ಕೆ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ. ಬೆಳಗಿನ ಮೊದಲ ಎರಡು ಗಂಟೆಗಳಲ್ಲಿ ತೆಗೆದು ನೋಡಿ.

ಮದುವೆಗೆ 5ಡಿಯ ಚಿತ್ರದ ಗುಣ ನಿಸ್ಸಂದೇಹವಾಗಿ ಮೇಲು. ಆದರೆ ಅದರಲ್ಲಿ ಫ್ಲಾಶ್ ಇಲ್ಲ. ನಿಮ್ಮ 7ಡಿಯ ಒಳಗಿನ ಸಣ್ಣ ಫ್ಲಾಶ್ ದೂರದಲ್ಲಿಟ್ಟ ಫ್ಲಾಶ್‌ಗಳನ್ನು ತಂತಿಯಿಲ್ಲದೆ ಬೆಳಗಿಸಬಲ್ಲದು, ಅದನ್ನು ಬಿಟ್ಟುಕೊಟ್ಟರೆ ಟ್ರಿಗರ್‌ಗೆ ಬೇರೆ ದುಡ್ಡು ಹಾಕಬೇಕು. ಎರಡರಲ್ಲಿಯೂ ಕಾರ್ಡ್‌ಗೆ ಒಂದೇ ಜಾಗವಿದೆ. ಧಾರೆಯ ಹೊತ್ತಿನಲ್ಲಿ ಕಾರ್ಡ್ ಕೆಟ್ಟರೆ ಆ ಕ್ಷಣ ಮತ್ತೆ ಬರುವುದಿಲ್ಲ. ಹಾಗಾಗಿ ಬದಲಾಯಿಸುವುದಕ್ಕಿಂತ 7ಡಿಯನ್ನು ಇಟ್ಟುಕೊಂಡು, ಅನುಕೂಲವಾದಾಗ 5ಡಿಯನ್ನು ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದು. ಬ್ಯಾಟರಿ ಎರಡಕ್ಕೂ ಒಂದೇ, ಕಾರ್ಡ್ ಒಂದೇ ಬಗೆಯದು. ಮಂಟಪದ ಮುಂದೆ ಒಂದು, ಹೆಗಲಿಗೆ ಇನ್ನೊಂದು ಇದ್ದರೆ ಒಂದರ ಕಾರ್ಡ್ ಕೈಕೊಟ್ಟರೂ ಧಾರೆಯ ಚಿತ್ರ ಇನ್ನೊಂದರಲ್ಲಿ ಉಳಿದಿರುತ್ತದೆ.

ಮರುಪ್ರಶ್ನೆ (ಸಾಗರದ ಸದಸ್ಯೆ):

ಸರ್, ಕೊನೆಯದಾಗಿ ಒಂದು. ಕೆಲವು ಮೇಳಗಳಲ್ಲಿ ಈಗ ಎಲ್‌ಇಡಿ ದೀಪ ಹಾಕುತ್ತಾರೆ. ಒಂದು ಚಿತ್ರ ಬೆಳಗಿ, ಮುಂದಿನದು ಅರ್ಧ ಕಪ್ಪಾಗಿ ಬರುತ್ತದೆ. 5ಡಿಯಲ್ಲಿ ಇದು ಸರಿಹೋಗುತ್ತದೆಯೇ?

ಉತ್ತರ:

ಸರಿಹೋಗುವುದಿಲ್ಲ ಮೇಡಂ. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಅಗ್ಗದ ಎಲ್‌ಇಡಿ ಮತ್ತು ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ ಅದಕ್ಕಿಂತ ವೇಗವಾಗಿದ್ದರೆ ಏರಿಳಿತದ ಒಂದು ತುಣುಕು ಮಾತ್ರ ಚಿತ್ರದಲ್ಲಿ ಸಿಗುತ್ತದೆ. ಇದನ್ನು ಗುರುತಿಸಿ ತಪ್ಪಿಸುವ ಸೌಲಭ್ಯ ಕ್ಯಾನನ್‌ನಲ್ಲಿ ಬಂದದ್ದು 2014ರ 7ಡಿ ಮಾರ್ಕ್ 2ರಲ್ಲಿ, ನೀವು ನೋಡುತ್ತಿರುವ ಎರಡರಲ್ಲಿಯೂ ಇಲ್ಲ. ಅಂಥ ದೀಪ ಕಂಡ ರಾತ್ರಿ ಶಟರ್ ವೇಗವನ್ನು 1/100ಕ್ಕೆ ಇಳಿಸಿ, ಒಡ್ಡೋಲಗದಲ್ಲಿ ಅಥವಾ ಅರ್ಥ ಹೇಳುವಾಗ ವೇಷಧಾರಿ ನಿಂತ ಭಂಗಿಗಳನ್ನು ತೆಗೆಯಿರಿ. ಕುಣಿತ ಬೇಕೇಬೇಕಾದರೆ 1/250ರಲ್ಲಿ ಒಂದೊಂದು ಭಂಗಿಗೆ ನಾಲ್ಕೈದು ಚಿತ್ರ ತೆಗೆದು ಚೆನ್ನಾಗಿ ಬೆಳಗಿದ್ದನ್ನು ಆರಿಸಿಕೊಳ್ಳಿ. ಆಟ ಶುರುವಾಗುವ ಮೊದಲು ಮೇಳದವರೊಂದಿಗೆ ಮಾತನಾಡಿ, ಅವರಲ್ಲಿ ಹಳೆಯ ಹ್ಯಾಲೊಜನ್ ದೀಪ ಇದ್ದರೆ ಮುಂಭಾಗಕ್ಕೆ ಒಂದೆರಡನ್ನು ಹಾಕಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ ನೋಡಿ.