ಅಪ್‌ಡೇಟ್: ಹೆತ್ತವರ ಕಲಂ ಖಾಲಿಯಿದ್ದ ಮುತ್ತಜ್ಜಿ, ತಾಯಿಯ ಹೆಸರು ಸಿಕ್ಕಿತು

ಪ್ರಶ್ನೆ ಇದಾಗಿತ್ತು: ಗಂಡನ ಕಡೆಯ ಮುತ್ತಜ್ಜಿ 1889ರಲ್ಲಿ ಮೆಲ್ಬರ್ನ್‌ನಲ್ಲಿ ಮದುವೆಯಾದವರು, ವಿವಾಹ ಪತ್ರದಲ್ಲಿ ಹೆತ್ತವರ ಕಲಂ ಖಾಲಿ, ಆ ಉಪನಾಮದಲ್ಲಿ ಜನನ ನೋಂದಣಿಯೂ ಇಲ್ಲ.

ಬೀಗ ತೆರೆದದ್ದು ಪಬ್ಲಿಕ್ ರೆಕಾರ್ಡ್ ಆಫೀಸ್ ವಿಕ್ಟೋರಿಯಾದಲ್ಲಿ (ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರಿ ದಾಖಲೆಗಳ ಸಂಗ್ರಹಾಲಯ) ಇರುವ 'ವಾರ್ಡ್ಸ್ ಆಫ್ ಸ್ಟೇಟ್' ರಿಜಿಸ್ಟರ್. 1864ರ ಕಾಯ್ದೆಯಡಿ ಸರ್ಕಾರದ ಸುಪರ್ದಿಗೆ ಬಂದ ಮಕ್ಕಳ ದಾಖಲೆ ಅದು. ವಯಸ್ಸು, ಧರ್ಮ, ಒಪ್ಪಿಸಿದ ಕೋರ್ಟು. ಅಂಚಿನಲ್ಲಿ ಇಕ್ಕಟ್ಟಾದ ಕೈಬರಹದಲ್ಲಿ ತಾಯಿಯ ಹೆಸರು, ಮನೆಗೆಲಸದವಳು ಎಂಬ ಮಾತು. ಓದುವಾಗ ಕರುಳು ಚುರ್ ಎನ್ನುತ್ತದೆ.

ಮುತ್ತಜ್ಜಿ ಬಳಸಿದ್ದು ಸಾಕುಮನೆಯ ಉಪನಾಮ. ಅವಿವಾಹಿತ ತಾಯಿಯ ಮಗು ಸಾಮಾನ್ಯವಾಗಿ ತಾಯಿಯ ಉಪನಾಮದಲ್ಲೇ ನೋಂದಣಿಯಾಗುತ್ತಿತ್ತು, ತಂದೆಯ ಕಲಂ ಖಾಲಿ. ಹಾಗಾಗಿ ಜನನ ನೋಂದಣಿಯ ಸೂಚಿಯಲ್ಲಿ ಉಪನಾಮ ಬಿಟ್ಟು, ಮೊದಲ ಹೆಸರು, ಊರು, ಹಿಂದೆಮುಂದೆ ಎರಡು ವರ್ಷ ಹಾಕಿ ಹುಡುಕಬೇಕು.

ಮರಣ ಪತ್ರವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅದರಲ್ಲಿರುವುದು ಮಾಹಿತಿ ಕೊಟ್ಟವರಿಗೆ ಗೊತ್ತಿದ್ದಷ್ಟೇ; ಇಲ್ಲಿ ಅಳಿಯ ಸಾಕುತಂದೆಯನ್ನೇ ತಂದೆ ಎಂದು ಬರೆಸಿದ್ದ. ಸೌತ್ ಆಸ್ಟ್ರೇಲಿಯಾದ ಹಳೆಯ ಮರಣ ಪತ್ರಗಳಲ್ಲಂತೂ ಹೆತ್ತವರ ಹೆಸರೇ ಇರುವುದಿಲ್ಲ.

ತಂದೆ ಇನ್ನೂ ಸಿಕ್ಕಿಲ್ಲ. ಮುಂದಿನ ಹೆಜ್ಜೆ, ಟ್ರೋವ್‌ನಲ್ಲಿ (ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣ, ಹಳೆಯ ಪತ್ರಿಕೆಗಳು ಇಲ್ಲಿವೆ) ಆ ಊರಿನ ಪತ್ರಿಕೆಗಳ ಜೀವನಾಂಶ ಮೊಕದ್ದಮೆಗಳ ವರದಿ. ಜೊತೆಗೆ ಮುತ್ತಜ್ಜಿಯ ಬದುಕಿರುವ ಅತಿ ಹಿರಿಯ ಮೊಮ್ಮಗಳ ಡಿಎನ್‌ಎ ಪರೀಕ್ಷೆ.